ನಮ್ಮ ಮನೆಯ ಇಂಟರ್ನೆಟ್ಟೂ ಕಮಲಮ್ಮನವರ ಕೈಯೂ

ನಮ್ಮ ಮನೆಯ ಇಂಟರ್ನೆಟ್ಟಿನ ಬಗ್ಗೆ ನಾನು ಆಡಿರುವ ಮಾತುಗಳನ್ನು ಹೈಸ್ಕೂಲು ಮೇಷ್ಟ್ರಾದವನು ಆಡಬಾರದಿತ್ತು. ಹೊಳೆನರಸೀಪುರದ ನಮ್ಮ ಬೀದಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ಅದರ ಮೋಡೆಮ್ಮಿಗೆ ಹೊಸ ಅಳಿಯನ ಉಪಚಾರ ನಡೆದಿತ್ತು. ಕಸೂತಿ ಹಾಕಿದ ಬಟ್ಟೆ, ಪ್ರತ್ಯೇಕ ಸ್ಟೂಲು, ಮೊದಲ ವಾರ ಹೂವು ಕೂಡ. ಅಳಿಯನ ಬುದ್ಧಿಯೂ ಅದಕ್ಕೆ ಬಂದುಬಿಟ್ಟಿತು. ಕರೆದಾಗ ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ, ಏಕೆಂದು ಕೇಳಿದರೆ ಕೆಂಪು ದೀಪ ಬಿಡುತ್ತದೆ.

ನನ್ನೊಬ್ಬನ ಮಾತಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಂದು ಇ-ಮೇಲ್ ನೋಡಲು ಬಸ್ಸು ಹತ್ತಿ ಹಾಸನದ ಸೈಬರ್ ಸೆಂಟರಿಗೆ ಹೋಗಿ, ಮುಂದಿನವರು ಎದ್ದೇಳಲಿ ಎಂದು ಕಾದು ಕೂತವನು ನಾನು. ಆದರೆ ಈಗ ನನ್ನ ಹೆಂಡತಿ ವಿಶಾಲುವಿನ ಸಂಗೀತ ಆ ತಂತಿಗೆ ಜೋತುಬಿದ್ದಿತ್ತು. ಅವಳು ಸಂಗೀತಕ್ಕೆ ಹೆಸರಾದ ರುದ್ರಪಟ್ಟಣದವಳು. ಮದುವೆಯಾದಾಗ ಅರ್ಧಕ್ಕೆ ಬಿಟ್ಟ ಪಾಠವನ್ನು ಐವತ್ತರ ಹತ್ತಿರ ಮತ್ತೆ ಹಿಡಿದಿದ್ದಳು. ಗುರು ಕಮಲಮ್ಮನವರು ಮಗಳ ಜೊತೆ ಪುಣೆಯಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಕಂಪ್ಯೂಟರಿನಲ್ಲೇ ಪಾಠ. ಆ ವರ್ಷ ತವರೂರಿನ ಸಂಗೀತೋತ್ಸವದಲ್ಲಿ ಹಾಡಬೇಕೆಂದು ಅವಳಿಗೆ ಆಸೆ. ಕಮಲಮ್ಮನವರು ಒಂದು ಕೃತಿಯನ್ನು ಪೂರ್ತಿ ಕೇಳಿ ‘ಹೂಂ’ ಅಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ತೊಂದರೆಯೆಂದರೆ ಆ ತಾಯಿಯ ಮುಖ ಕಂಡರೆ ಇವಳ ಗಂಟಲು ಒಣಗುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದನ್ನೂ ಮೀರಿಸುವ ದನಿ ಅವರೆದುರು ಪಕ್ಕದಲ್ಲಿ ಕೂತ ನನಗೂ ಕೇಳದು. ನಾನೋ, ತಪ್ಪೆಲ್ಲ ಲೈನಿನದೇ ಎಂದು ತೀರ್ಮಾನಿಸಿಬಿಟ್ಟೆ.

ಆದರೆ ಲೈನು ಬದಲಾಯಿಸುವುದು ನಮ್ಮಂಥ ಊರಿನಲ್ಲಿ ಸಲೀಸಲ್ಲ. ಹಳೆಯ ಲೈನ್‌ಮನ್ ದಿನಾ ಕಾಫಿ ಹೋಟೆಲಿನಲ್ಲಿ ಎದುರಾಗುತ್ತಾನೆ. ಹಿಂದೊಮ್ಮೆ ಹಾಲಿನವಳನ್ನು ಬದಲಾಯಿಸಿದ್ದಕ್ಕೇ ತಿಂಗಳುಗಟ್ಟಲೆ ಬೇರೆ ಬೀದಿ ಬಳಸಿಕೊಂಡು ಓಡಾಡಿದವರು ನಾವು. ಆದರೂ ಧೈರ್ಯ ಮಾಡಿ ಕೇಬಲ್ ಟಿ.ವಿ.ಯ ನಿಂಗರಾಜುವನ್ನು ಹಿಡಿದೆ. ಅವನೂ ಆಗ ಇಂಟರ್ನೆಟ್ ಕೊಡಲು ಶುರುಮಾಡಿದ್ದ.

“ಬುಡಿ ಸಾ, ಬಾನ್ವಾರ ಬೆಳಗಾಗೋದ್ರೊಳ್ಗೆ ಎಳ್ದುಬುಡ್ತೀನಿ. ನಮ್ದು ಓಗೋ ಮಾತೇ ಇಲ್ಲ” ಅಂದ.

ಕಮಲಮ್ಮನವರ ಪರೀಕ್ಷೆಯ ಭಾನುವಾರ ಬೆಳಗಾಯಿತು, ನಿಂಗರಾಜು ಬರಲಿಲ್ಲ. ಹಳೆಯ ಲೈನಿನಲ್ಲೇ ವಿಶಾಲು ಹಾಡತೊಡಗಿದಳು. ಪಲ್ಲವಿ ಮುಗಿಯುವಷ್ಟರಲ್ಲಿ, ತಾಳ ಹಾಕಲು ಎತ್ತಿದ ಕಮಲಮ್ಮನವರ ಕೈ ಪರದೆಯ ಮೇಲೆ ಅವರ ಮುಖಕ್ಕೆ ಅಡ್ಡವಾಗಿ ಎತ್ತಿದಂತೆಯೇ ನಿಂತುಬಿಟ್ಟಿತು. ಹೋಯ್ತಲ್ಲಪ್ಪ! ನಿಲ್ಲಿಸು ಎಂದು ಕೈಸನ್ನೆ ಮಾಡಿದೆ. ಆಗುವುದಿಲ್ಲ ಎಂದು ಅವಳು ತಲೆ ಅಲ್ಲಾಡಿಸಿದಳು. ಅವರ ಪಾಠದ ಕ್ರಮವೇ ಹಾಗೆ: ಗುರು ‘ಸಾಕು’ ಅನ್ನುವ ತನಕ ಶಿಷ್ಯೆ ನಿಲ್ಲಿಸುವಂತಿಲ್ಲ. ಅಮ್ಮ ಸಾಕು ಅಂದಿಲ್ಲ. ಅನ್ನಲು ಲೈನೇ ಇಲ್ಲ. ಹಾಗಾಗಿ ಹಾಡುತ್ತಲೇ ಹೋದಳು. ಕೇಳುವವರಿಲ್ಲ ಎಂದು ಖಾತ್ರಿಯಾದ ಮೇಲೆ ಅನುಪಲ್ಲವಿಯಲ್ಲಿ ದನಿ ಬಿಚ್ಚಿಕೊಂಡಿತು. ಚರಣಕ್ಕೆ ಬರುವಾಗ ಅಡುಗೆಮನೆಯ ವಿಶಾಲುವೇ ಕೂತು ಹಾಡುತ್ತಿದ್ದಳು. ಇಂಥ ಹಾಡು ಕೇಳಬೇಕಾದವರಿಗೆ ಕೇಳಲಿಲ್ಲವಲ್ಲ ಎಂದು ನನಗೆ ಅಳುವೇ ಬಂತು.

ಹಾಡು ಮುಗಿಯಿತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಗರಗರ ಅಂದು ಕಮಲಮ್ಮನವರ ದನಿ ಬಂತು.

“ಸಾಕು ಕಣೇ.”

ವಿಶಾಲು ಬೆಚ್ಚಿದಳು. “ಅಮ್ಮಾ, ಲೈನು ಹೋಗಿತ್ತಲ್ವಾ? ನಿಮಗೆ ಕೇಳಿಸ್ತಾ?”

“ನಿನ್ನ ಕಡೆ ಹೋಗಿತ್ತೇನೋ. ನಂಗೆ ಎಲ್ಲಾ ಕೇಳಿಸ್ತು. ಇಷ್ಟು ದಿನ ಈ ಗಂಟ್ಲನ್ನ ಎಲ್ಲಿ ಬಚ್ಚಿಟ್ಟಿದ್ದೆ? ಹೂಂ, ಹಾಡು ಹೋಗು.”

ಮೋಡೆಮ್ಮಿಗೆ ನಾನು ಅಡ್ಡಬೀಳುವುದೊಂದು ಬಾಕಿ. ಇವಳ ಹಾಡನ್ನು ಪುಣೆ ಮುಟ್ಟಿಸಿ, ಅಲ್ಲಿನ ಹುಬ್ಬುಗಂಟನ್ನು ಮಾತ್ರ ದಾರಿಯಲ್ಲೇ ತಡೆದ ಇಂಥ ಗುಣವಂತ ಲೈನನ್ನು ಕಿತ್ತುಹಾಕಲು ಹೊರಟಿದ್ದೆನಲ್ಲ! ಅಷ್ಟರಲ್ಲಿ ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು ನಿಂಗರಾಜು ಗೇಟಿನಲ್ಲಿ ನಿಂತಿದ್ದ.

“ವಸಿ ತಡ ಆಗೋಯ್ತು ಸಾ. ಈಗ್ಲೇ ಎಳ್ದುಬುಡ್ಲಾ?”

“ಬೇಡ ಮಾರಾಯ, ನಮಗೆ ಹಳೇದೇ ಇರ್ಲಿ. ಅವರ ಮುಖ ಕಾಣದಿದ್ರೇನೇ ನಮ್ಮವಳಿಗೆ ದನಿ ಬರೋದು” ಅಂದೆ.

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ವಿಶಾಲು ಹೊರಗೆ ಬಂದಳು.

“ಎಳೀಲಿ ಬಿಡ್ರೀ. ಮುಂದಿನ ಭಾನುವಾರ ಅವರ ಮುಖ ನೋಡ್ಕೊಂಡೇ ಹಾಡ್ತೀನಿ.”