ಮುಳ್ಳು ಓದುವವರು ಬೇಕಾಗಿದ್ದಾರೆ

ಕಳೆದ ವಾರ ಜಯನಗರದ ಸರ್ಕಲ್ಲನ್ನು ಬೆಳ್ಳಂಬೆಳಿಗ್ಗೆ ಒಂದೇ ಸಮನೆ ಸುತ್ತುತ್ತಿದ್ದ ಹಸಿರು ಕಾರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಒಳಗಿದ್ದವನು ನಾನೇ. (ಹಾಲಿನವನು ಸೈಕಲ್ ನಿಲ್ಲಿಸಿ, "ಯಾವ ಮನೆ ಹುಡುಕ್ತಿದ್ದೀರಿ ಸ್ವಾಮಿ?" ಎಂದು ಕೇಳಿದ.)

ವಿಷಯ ಇಷ್ಟೆ. ಮುಂದಿನ ಭಾನುವಾರ ಊರಾಚೆ ಕಾರ್ ರೇಸ್ ಇದೆ. ಅಪ್ಪ ಬಿಟ್ಟುಹೋದ ಹಳೆಯ ಕಾರಿನ ಇಂಜಿನ್ನನ್ನು ಅದಕ್ಕಾಗಿಯೇ ಚುರುಕು ಮಾಡಿಸಿದ್ದೇನೆ. ತೊಂದರೆ ಇರುವುದು ಎಣ್ಣೆಯಲ್ಲಿ. ವೇಗವಾಗಿ ತಿರುಗಿಸಿದರೆ ಇಂಜಿನ್ ಅಡಿಯ ತೊಟ್ಟಿಯಲ್ಲಿರುವ ಎಣ್ಣೆ, ಓರೆ ಮಾಡಿದ ಪಾತ್ರೆಯ ಸಾರಿನಂತೆ, ಒಂದು ಪಕ್ಕಕ್ಕೆ ಸರಿಯುತ್ತದೆ. ಪಂಪು ಗಾಳಿ ಕುಡಿಯುತ್ತದೆ. ಬೇರಿಂಗ್ ಸುಡುತ್ತದೆ. ಕಾರಿನ ಕಥೆ ಅಲ್ಲಿಗೆ ಮುಗಿಯಿತು.

ಹೋದ ವರ್ಷವೇ ತೊಟ್ಟಿಯೊಳಗೆ ತಗಡಿನ ಒಂದು ತಡೆಯನ್ನು ಬೆಸುಗೆ ಹಾಕಿಸಿದ್ದೆ. ಈ ತಿಂಗಳು ದೊಡ್ಡ ಪಂಪನ್ನೂ ಹಾಕಿಸಿದೆ. ಇನ್ನು ಪರೀಕ್ಷೆ. ಸರ್ಕಲ್ ಸುತ್ತುವಾಗ ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಬೀಳಬಾರದು.

ಆದರೆ ರಸ್ತೆ ನೋಡಲೇ, ಮುಳ್ಳು ನೋಡಲೇ? ಕದ್ದು ಒಮ್ಮೆ ನೋಡುತ್ತೇನೆ. ಸರ್ಕಲ್ ದಾಟುವಷ್ಟರಲ್ಲಿ ಅನುಮಾನ. ಬಿತ್ತೇ? ಬರೀ ಅಲುಗಿತೇ? ಬೀಳುತ್ತದೆಂಬ ಭಯವನ್ನೇ ಕಂಡೆನೇ? ಕಾಲೇಜಿನಲ್ಲಿ ತರ್ಕ ಪಾಠ ಹೇಳುವ ನಾನು ಅರೆನಿಮಿಷದ ಹಿಂದಿನ ನನ್ನ ಕಣ್ಣನ್ನೇ ನಂಬಲಾರೆ.

ಹೋದ ವರ್ಷ ಪಕ್ಕದಲ್ಲಿ ತಂಗಿ ವಸಂತಾ ಕೂರುತ್ತಿದ್ದಳು. "ನಲವತ್ತು... ಮೂವತ್ತೆಂಟು... ಅಣ್ಣಾ, ನಂಗೆ ತಲೆ ಸುತ್ತತ್ತೆ, ಸಾಕು... ನಲವತ್ತು." ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಈ ಬೇಸಗೆಯಲ್ಲಿ ಮದುವೆಯಾಗಿ ನಾಗಪುರಕ್ಕೆ ಹೋದಳು. ಈಗ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ. (ಅದೂ ನಾನು ಹಾಕಿದರೆ.)

ಕೊನೆಗೆ ಪಕ್ಕದ ಮನೆಯ ರಾಮರಾಯರನ್ನು ಕೇಳಿಕೊಂಡೆ. ನಿವೃತ್ತ ಶಿರಸ್ತೇದಾರರು. ಶುಕ್ರವಾರ ಮಫ್ಲರ್ ಸುತ್ತಿಕೊಂಡು ಬಂದು ಕೂತರು.

"ಪ್ರದಕ್ಷಿಣೆ ಏನೋ ಸರಿ ಮೇಷ್ಟ್ರೆ, ದೇವರೆಲ್ಲಿ?"

"ಈ ಮುಳ್ಳು ನೋಡಿ ರಾಯರೇ. ಎಷ್ಟಿದೆ ಅಂತ ಹೇಳ್ತಾ ಇರಿ, ಅಷ್ಟೆ."

ಹೇಳಿದರು. ನಲವತ್ತು, ನಲವತ್ತು, ಮತ್ತೂ ನಲವತ್ತು. ಗೆದ್ದೆ ಎಂದುಕೊಂಡು ಮನೆಯ ಕಡೆ ಹೊರಟೆ. ಅದೇ ಉತ್ಸಾಹದಲ್ಲಿ ನಮ್ಮ ಬೀದಿಗೆ ಜೋರಾಗಿ ಎಡಕ್ಕೆ ತಿರುಗಿಸಿದೆ.

"ಹತ್ತು," ಎಂದರು ರಾಯರು. "ಸೊನ್ನೆ. ಈಗ ನಲವತ್ತು."

ಬ್ರೇಕ್ ಹಾಕಿದೆ. "ಇನ್ನೂ ನೋಡ್ತಾನೇ ಇದ್ರಾ?"

"ಸಾಕು ಅಂತ ನೀವು ಆರ್ಡರ್ ಮಾಡ್ಲಿಲ್ವಲ್ಲ."

ತಲೆ ಚಚ್ಚಿಕೊಂಡೆ. ಸರ್ಕಲ್ ಸುತ್ತುವವರೆಲ್ಲ ತಿರುಗುವುದು ಬಲಕ್ಕೆ. ಎಣ್ಣೆ ಸರಿಯುವುದು ಎಡಕ್ಕೆ. ಅದನ್ನು ನೋಡಿ ನಾನು ತಗಡು ಹಾಕಿಸಿದ್ದೂ ಎಡಕ್ಕೆ ಮಾತ್ರ. ಜಯನಗರದ ಸರ್ಕಲ್ಲಿನಲ್ಲಿ ಪಾಸಾದ ಇಂಜಿನ್, ರೇಸಿನ ಮೊದಲ ಎಡ ತಿರುವಿನಲ್ಲೇ ಸುಟ್ಟು ಕೂರುತ್ತಿತ್ತು. ನಾವೂ ಹಾಗೆಯೇ ಅಲ್ಲವೇ? ದಿನಾ ತಿರುಗುವ ಕಡೆಗಷ್ಟೇ ಗಟ್ಟಿ.

ಬಲಗಡೆಗೂ ತಗಡು ಬೆಸೆಯಲು ತಿಲಕ್ ನಗರದ ಗ್ಯಾರೇಜಿನವರು ಒಪ್ಪಿದ್ದಾರೆ. ಅದು ಸುಲಭ. ಸುಲಭವಲ್ಲದ್ದು ಬೇರೆ. ಹೋದ ವರ್ಷವೂ ಮನೆಗೆ ಇದೇ ಎಡ ತಿರುವು. ವಸಂತಾ ಅಲ್ಲಿ "ಅಣ್ಣಾ, ಮುಳ್ಳು ನೋಡಿಲ್ಲಿ" ಎನ್ನುತ್ತಿದ್ದಳು ಎಂದು ಈಗ ನೆನಪಾಗುತ್ತಿದೆ. ಅಥವಾ ರಾಯರು ಸೊನ್ನೆ ಎಂದ ಮೇಲೆ ಅವಳ ದನಿಯಲ್ಲಿ ಇದನ್ನು ನಾನೇ ಹುಟ್ಟಿಸಿಕೊಂಡೆನೇ? ಕಾಗದ ಬರೆದು ಕೇಳಬಹುದು. ನನ್ನ ಮನಸ್ಸಿಗೆ ಹಿತವಾಗುವ ಉತ್ತರವನ್ನೇ ಬರೆಯುತ್ತಾಳೆ; ಅದು ಸಾಕ್ಷಿಯಾಗುವುದಿಲ್ಲ.

ಸಂಜೆ ಕಾಂಪೌಂಡಿನ ಆಚೆಯಿಂದ ರಾಯರು ಕೂಗಿದರು. "ತಗಡು ಹಾಕ್ಸಿದ್ಮೇಲೆ ಕರೀರಿ ಮೇಷ್ಟ್ರೆ. ನಮ್ಮನೇಲೂ ನನ್ನ ಯಾರೂ ಏನೂ ಕೇಳಲ್ಲ."

ಪಕ್ಕದ ಸೀಟಿನಲ್ಲಿ ಯಾರೂ ಇರಕೂಡದೆಂಬುದು ಭಾನುವಾರದ ರೇಸಿನ ನಿಯಮ. ವಾರದ ಉಳಿದ ದಿನಗಳಿಗೂ ಅದನ್ನು ಜಾರಿ ಮಾಡಿದವರು ಯಾರು?