ಅವ್ವ ಹೋದ ದಿನದ ಓಟು

ಮದುವೆಯಾಗಿ ಕನಕಪುರಕ್ಕೆ ಹೋದ ಮೇಲೂ ನನ್ನ ಓಟು ಚನ್ನಪಟ್ಟಣದ ತವರುಮನೆಯಲ್ಲೇ ಉಳಿಯಿತು. ವರ್ಗ ಮಾಡಿಸಿಕೊಳ್ಳಲು ಅಪ್ಪ ಬಿಡಲಿಲ್ಲ. "ನಿನ್ ಗಂಡನ ಮನೇಲಿ ಬೇಕಾದಷ್ಟು ಓಟು ಅವೆ. ಇಲ್ಲಿ ನಮಗೊಂದು ಕಮ್ಮಿ ಆಯ್ತದೆ" ಎಂದ. ಹೀಗಾಗಿ ಯಾವ ಚುನಾವಣೆ ಬಂದರೂ ಹಿಂದಿನ ದಿನವೇ ಬಸ್ಸು ಹತ್ತಿ ಬರುತ್ತಿದ್ದೆ.

ಒಂದು ಕಾಲದಲ್ಲಿ ನಮ್ಮ ಇಡೀ ಬೀದಿ ಅಪ್ಪನ ಪಕ್ಷದ್ದು. ಅಲ್ಲಿಗೆ ಪ್ರಚಾರಕ್ಕೆ ಬರುವ ಅಗತ್ಯವೂ ಪಕ್ಷದವರಿಗೆ ಇರಲಿಲ್ಲ. ಆದರೆ ಚಿಕ್ಕಪ್ಪನ ಮನೆ ಮುಂದಿನ ಚರಂಡಿ ಒಡೆದು ವರ್ಷಗಟ್ಟಲೆ ಹಾಗೇ ನಾರುತ್ತಿತ್ತು. ಕೊನೆಗೆ ಎದುರು ಪಕ್ಷದವರು ಬಂದು ಅದಕ್ಕೆ ಚಪ್ಪಡಿ ಹಾಕಿಸಿದರು. ಆ ಸಲ ಚಿಕ್ಕಪ್ಪ ತನ್ನ ಮನೆಯ ಮೇಲೆ ಅವರ ಬಾವುಟ ಕಟ್ಟಿದ. ಅವನ ಹಿಂದೆ ಅರ್ಧ ಬೀದಿಯೂ ಹೋಯಿತು. "ಚಪ್ಪಡಿ ಕಲ್ಲಿಗೆ ಮನೆ ಮಾನ ಮಾರ್ಬುಟ್ಟ" ಎಂದ ಅಪ್ಪ. ಒಂದೇ ಗೋಡೆಯ ಆಚೆ ಈಚೆ ಇದ್ದ ಅಣ್ಣತಮ್ಮಂದಿರ ಮಾತು ಅಲ್ಲಿಗೆ ನಿಂತಿತು.

ಅವ್ವ ಮತ್ತು ಚಿಕ್ಕವ್ವನ ಮಾತು ನಿಲ್ಲಲಿಲ್ಲ. ಓಟಿನ ದಿನ ಗಂಡಸರು ಬೇರೆ ಬೇರೆ ಹೋದರೆ, ಅವರಿಬ್ಬರು ಒಟ್ಟಿಗೆ ಶಾಲೆಯವರೆಗೆ ನಡೆದು ಹೋಗಿ ಬರುತ್ತಿದ್ದರು.

ಹೀಗೇ ಕೆಲವು ಚುನಾವಣೆ ಕಳೆದ ಮೇಲೆ, ಒಂದು ಓಟಿನ ಬೆಳಗ್ಗೆ ಅವ್ವ ಒಳ್ಳೆಯ ಸೀರೆ ಉಟ್ಟು, ಚಿಕ್ಕವ್ವನಿಗೆ ಕಾಯುತ್ತ ಜಗಲಿಯ ಮೇಲೆ ಕುಳಿತಿದ್ದಳು. ನಾನು ಕಾಫಿ ತಂದಾಗ ಕಂಬಕ್ಕೆ ಒರಗಿದ್ದಳು. ಕರೆದೆ. ಭುಜ ಮುಟ್ಟಿದೆ. ಚೆಲ್ಲದ ಹಾಗೆ ಲೋಟವನ್ನು ಕೆಳಗಿಟ್ಟು ಅಪ್ಪನನ್ನು ಕರೆಯಲು ಒಳಗೆ ಹೋದೆ. ಡಾಕ್ಟರು ಬಂದು, ನೋಡಿ, ತಲೆಯಾಡಿಸಿ ಹೋದರು. ನನಗೆ ಅಳು ಬರಲಿಲ್ಲ.

ಚಿಕ್ಕಪ್ಪ ಓಡಿ ಬಂದ. ಎಷ್ಟೋ ವರ್ಷಗಳ ಮೇಲೆ ನಮ್ಮ ಹೊಸಿಲು ದಾಟಿದ್ದ. ಅವನೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡದೆ ಅವ್ವನನ್ನು ಎತ್ತಿ ನಡುಮನೆಯಲ್ಲಿ ಮಲಗಿಸಿದರು. ನೆಂಟರು ಬರಬೇಕು, ಮಣ್ಣು ಮಧ್ಯಾಹ್ನದ ಮೇಲೆ ಎಂದು ತೀರ್ಮಾನವಾಯಿತು. ಎರಡೂ ಪಕ್ಷದವರು ಹಾರ ತಂದರು. ಅಪ್ಪನ ಕಡೆಯವನೊಬ್ಬ ಅವನ ಕಿವಿಯಲ್ಲಿ ಏನೋ ಹೇಳಿದ. ಅಪ್ಪ ನನ್ನ ಹತ್ತಿರ ಬಂದ.

"ಓಗ್ಬುಟ್ಟು ಬಾರವ್ವ. ಎತ್ತೋಕೆ ಇನ್ನೂ ಒತ್ತೈತೆ."

"ಎಲ್ಲಿಗಪ್ಪ?"

"ಓಟಿಗೆ. ಒಂದು ಓಯ್ತಲ್ಲ, ಇನ್ನೊಂದ್ನೂ ಯಾಕೆ ಕಳ್ಕಳಾದು?"

ನನಗೆ ಸಿಟ್ಟು ಬರಬೇಕಿತ್ತು. ಚಪ್ಪಲಿ ಹುಡುಕಿ ಮೆಟ್ಟಿಕೊಂಡೆ. "ತಡಿ, ನಾನೂ ಬತ್ತೀನಿ" ಎಂದು ಚಿಕ್ಕವ್ವ ಸೆರಗು ಹೊದ್ದು ಬಂದಳು.

ಶಾಲೆಯಲ್ಲಿ ಉದ್ದನೆಯ ಸಾಲಿತ್ತು. ಸಾವಿನ ಮನೆಯವರೆಂದು ಕೆಲವರು ಮುಂದೆ ಬಿಟ್ಟರು. ಬಾಗಿಲ ಹತ್ತಿರ ನಿಂತಾಗ ಚಿಕ್ಕವ್ವ ಮೆಲ್ಲಗೆ ಹೇಳಿದಳು. "ನಿಮ್ಮವ್ವ ಯಾವತ್ತೂ ನಿಮ್ಮಪ್ಪನ ಪಾರ್ಟಿಗೆ ಆಕ್ನಿಲ್ಲ ಕಣವ್ವ. ನಾನೂ ನಿಮ್ ಚಿಕ್ಕಪ್ಪನ ಪಾರ್ಟಿಗೆ ಆಕ್ನಿಲ್ಲ."

"ಮತ್ಯಾರಿಗೆ ಹಾಕ್ತಿದ್ರಿ?"

"ಕೊನೇಲಿರ್ತಾನಲ್ಲ, ಪಾರ್ಟಿ ಇಲ್ದೋನು, ಅವನ್ಗೆ. ಇವ್ರು ಗೆದ್ರೂ ಸೋತ್ರೂ ನಮ್ಮಿಂದ ಆಗಾದು ಬ್ಯಾಡ ಅಂತ ನಿಮ್ಮವ್ವನೇ ಏಳಿದ್ದು."

ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ. ಗೋಡೆಯ ಮೇಲೆ ಬರೆದಿದ್ದ ಮಗ್ಗಿಯನ್ನು ಓದುತ್ತ ನಿಂತೆ. ಒಳಗೆ ಅಪ್ಪನ ಪಕ್ಷದ ಏಜೆಂಟು ಅವ್ವನ ಹೆಸರಿನ ಮೇಲೆ ಸ್ಕೇಲು ಇಟ್ಟು ನೀಟಾಗಿ ಗೀಟು ಎಳೆದ. ನನ್ನ ಬೆರಳಿಗೆ ಶಾಯಿ ಹಚ್ಚಿದರು. ರಟ್ಟಿನ ಮರೆಯಲ್ಲಿ ಕೊನೆಯ ಹೆಸರನ್ನು ನೋಡಿದೆ. ಕೇಳಿದ ಹೆಸರಲ್ಲ. ಬೆರಳು ಮಾತ್ರ ಪ್ರತಿ ಸಲದಂತೆ ಅಪ್ಪನ ಪಕ್ಷದ ಗುಂಡಿಯನ್ನೇ ಒತ್ತಿತು. ಮಿಷನ್ನು ಕೂಗಿತು. ಹೊರಗೆ ಬಂದು ಬಿಸಿಲಲ್ಲಿ ನಿಂತೆ.

ಮನೆಗೆ ಬಂದ ಕೂಡಲೇ ಅಪ್ಪ, "ಆಕ್ದಾ?" ಎಂದ.

"ಹಾಕ್ದೆ."

ಆಮೇಲೆ ಅಪ್ಪ ಹೋಗಿ ಬಂದ. ಅವನು ಬರುವತನಕ ಚಿಕ್ಕಪ್ಪ ಅವ್ವನ ತಲೆದೆಸೆಯಲ್ಲಿ ಕುಳಿತಿದ್ದ. ಅಪ್ಪ ಬಂದ ಮೇಲೆ ತಾನು ಹೋಗಿ ಬಂದ. ಹೆಂಗಸರೆಲ್ಲ ಸೇರಿ ಅವ್ವನಿಗೆ ನೀರು ಹಾಕಿದೆವು. ಅಣ್ಣತಮ್ಮಂದಿರಿಬ್ಬರೂ ಮುಂದೆ ಹೆಗಲು ಕೊಟ್ಟರು.

ಕೆಲವು ದಿನದ ಮೇಲೆ ನಡೆದ ಎಣಿಕೆಯಲ್ಲಿ ಅಪ್ಪನ ಪಕ್ಷ ಗೆದ್ದಿತು. ಹುಡುಗರು ನಮ್ಮ ಬೀದಿಯಲ್ಲಿ ಬೇಡವೆಂದು ಪಕ್ಕದ ಬೀದಿಯಲ್ಲಿ ಪಟಾಕಿ ಹಚ್ಚಿದರು. ತಲೆ ಬೋಳಿಸಿಕೊಂಡಿದ್ದ ಅಪ್ಪ ಅವರು ತಂದ ಹಾರವನ್ನು ಕೈಯಲ್ಲೇ ತೆಗೆದುಕೊಂಡು ಕಿಟಕಿಯ ಮೇಲಿಟ್ಟ. ತಿಥಿಯ ಊಟಕ್ಕೆ ಚಿಕ್ಕಪ್ಪ ಬಂದು ಸಾಲಿನ ತುದಿಯಲ್ಲಿ ಕುಳಿತ. ಬಡಿಸುತ್ತಿದ್ದವರಿಗೆ ಅಪ್ಪ, "ಅವನ್ಗೆ ಒಸಿ ತುಪ್ಪ ಬುಡ್ರಪ್ಪ" ಎಂದ. ಚಿಕ್ಕಪ್ಪ ತುಪ್ಪಕ್ಕೆ ಎಲೆಯ ಅನ್ನದಲ್ಲಿ ಗುಳಿ ಮಾಡಿದ. ಚಿಕ್ಕವ್ವನ ಮಾತನ್ನು ನಾನು ಇಬ್ಬರಿಗೂ ಹೇಳಲಿಲ್ಲ.

ತಿಥಿ ಮುಗಿಸಿ ಕನಕಪುರಕ್ಕೆ ಮರಳಿ, ಮರುದಿನ ಹಾರೋಹಳ್ಳಿಯ ಫ್ಯಾಕ್ಟರಿಗೆ ಎಂದಿನ ಕೆಲಸಕ್ಕೆ ಹೋದೆ. ಪಕ್ಕದ ಮಿಷನ್ನಿನವಳಿಗೆ ಅವ್ವ ಹೋದ ವಿಷಯ ಗೊತ್ತಿರಲಿಲ್ಲ. "ನಿಮ್ ಕಡೆ ಯಾರಕ್ಕ ಗೆದ್ದಿದ್ದು?" ಎಂದು ಕೇಳಿದಳು.

"ನಮ್ಮಪ್ಪನ ಪಾರ್ಟಿ" ಎಂದು ಹೇಳಿ ಮಿಷನ್ನು ಹಾಕಿದೆ.