ಮಾಂಸದಂಗಡಿಯ ಅಕ್ಕನ ಹೊಟ್ಟೆ

ಅವರನ್ನು ನಾನು ಮೊದಲು ನೋಡಿದ್ದು ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ನರ್ಸ್ ಕೆಲಸಕ್ಕೆ ಸೇರಿ ನನಗೆ ಎಂಟು ದಿನವಾಗಿತ್ತು. ಅವರ ತುಟಿ ಒಡೆದಿತ್ತು, ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಏಪ್ರನ್ ಮೇಲೆ ಎದೆಯಿಂದ ಮೊಣಕಾಲಿನವರೆಗೆ ರಕ್ತ. ಹತ್ತಿ ಹಿಡಿದು ಗಾಯ ಎಲ್ಲಿದೆ ಎಂದು ಹುಡುಕುತ್ತಿದ್ದ ನನಗೆ ಅವರೇ ಸಮಾಧಾನ ಹೇಳಿದರು.

"ಹೆದರಬೇಡ ಕಣಮ್ಮ, ಮುಕ್ಕಾಲು ಕುರಿದು. ಉಳಿದದ್ದು ನಂದು, ನನ್ನ ತಮ್ಮಂದು."

ಅವರದು ಮಾಂಸದ ಅಂಗಡಿ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಕತ್ತಿ ಹಿಡಿದವರು. ನಾಲ್ಕು ತಿಂಗಳಿಂದ ಹೊಟ್ಟೆ ಉಬ್ಬುತ್ತಿತ್ತು. ಎರಡು ತುತ್ತು ಉಂಡರೆ ಸಾಕು ಅನ್ನಿಸುತ್ತಿತ್ತು, ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಗ್ಯಾಸ್ ಎಂದು ಮಾತ್ರೆ ನುಂಗಿದರು. ನಡುವಿಗೆ ಸುತ್ತಿ ಗಂಟು ಹಾಕಿದರೂ ಮಿಗುತ್ತಿದ್ದ ಏಪ್ರನ್ ದಾರ ಒಂದು ಸುತ್ತಿಗೂ ಸಾಲದಾಯಿತು. ಆ ಬೆಳಿಗ್ಗೆ ದಾರಕ್ಕೆ ತುಂಡು ಬಟ್ಟೆ ಗಂಟು ಹಾಕುತ್ತಿದ್ದುದನ್ನು ತಮ್ಮ ಕಂಡ.

"ಯಾರದು ಹೇಳು!" ಎಂದು ಗಿರಾಕಿಗಳೆದುರೇ ಕೂದಲು ಹಿಡಿದು, ಮಾಂಸ ಕಡಿಯುವ ಕೊರಡಿಗೆ ಮುಖ ಬಡಿದ. ಕೆಳಗೆ ಬಿದ್ದವರ ಹೊಟ್ಟೆಗೆ ಒದ್ದ. ಮತ್ತೆ ಕಾಲೆತ್ತಿದಾಗ ಅಕ್ಕ ಕತ್ತಿ ಬೀಸಿದರು. ಅವನ ಮೀನಖಂಡ ಮೂಳೆಯವರೆಗೆ ಸೀಳಿತು.

"ಮುಟ್ಟು ನಿಂತೇ ಮೂರು ವರ್ಷ ಆಯ್ತು. ಆ ಕೋಣನಿಗೆ ಅಷ್ಟೂ ತಿಳೀಬೇಡವಾ?" ಎಂದು ನಕ್ಕರು. ತುಟಿಯಿಂದ ಮತ್ತೆ ರಕ್ತ ಇಳಿಯಿತು.

ಒದೆತಕ್ಕೆ ಒಳಗೇನಾದರೂ ಒಡೆದಿದೆಯೇ ಎಂದು ಸ್ಕ್ಯಾನ್ ಮಾಡಿದರು. ಒಡೆದಿರಲಿಲ್ಲ. ಹೊಟ್ಟೆ ತುಂಬ ನೀರು, ಎಡ ಅಂಡಾಶಯದಲ್ಲಿ ಮುಷ್ಟಿ ಗಾತ್ರದ ಗಡ್ಡೆ. ಸೂಜಿಯಿಂದ ತೆಗೆದ ನೀರಿನಲ್ಲಿ ಕ್ಯಾನ್ಸರ್ ಕೋಶಗಳು ಸಿಕ್ಕವು.

ವೈದ್ಯೆ ಬಿಡಿಸಿ ಹೇಳಿದರು: "ಗರ್ಭನಾಳದ ತುದಿಯಲ್ಲೋ ಅಂಡಾಶಯದಲ್ಲೋ ಕೋಶಗಳು ಹದ್ದು ಮೀರಿ ಬೆಳೀತವೆ. ಅಲ್ಲೇ ಇದ್ದರೆ ಒಂದನೇ ಹಂತ. ಕಿಬ್ಬೊಟ್ಟೆಗೆ ಹರಡಿದರೆ ಎರಡು. ಹೊಟ್ಟೆಯ ಒಳಪೊರೆಗೆ, ಕರುಳಿನ ಮೇಲಿನ ಕೊಬ್ಬಿಗೆ ಅಂಟಿದರೆ ಮೂರು. ಲಿವರ್ ಒಳಗೋ ಶ್ವಾಸಕೋಶದ ಕಡೆಗೋ ಹೋದರೆ ನಾಲ್ಕು. ನಿಮ್ಮದು ಮೂರು ಅನ್ನಿಸುತ್ತೆ. ತೆರೆದು ನೋಡಿದರೇನೇ ಖಚಿತ."

"ಬಲೆ ಥರ ಹೊದ್ದಿರುತ್ತಲ್ಲ, ಆ ಕೊಬ್ಬಾ ಡಾಕ್ಟ್ರಮ್ಮ? ದಿನಾ ಕಿತ್ತು ಪಕ್ಕಕ್ಕೆ ಹಾಕ್ತೀನಿ. ನಂದೂ ಕಿತ್ತು ಹಾಕಿ. ಒಂದು ಚೂರೂ ಬಿಡಬೇಡಿ."

ಒಪ್ಪಿಗೆ ಪತ್ರ ತಂದಾಗ ತಮ್ಮ ಗಾಲಿಕುರ್ಚಿಯಲ್ಲಿ ಬಂದು ಪೆನ್ನಿಗೆ ಕೈ ಚಾಚಿದ. "ಅಕ್ಕಾ, ನಂಗೇನು ಗೊತ್ತಿತ್ತು..."

"ಒದೆಯೋಕೆ ಗೊತ್ತಿತ್ತಲ್ಲ! ಇನ್ನೊಂದು ಕಾಲು ಉಳೀಬೇಕಾದ್ರೆ ಹಿಂದಕ್ಕೆ ಹೋಗು. ಹೊಟ್ಟೆ ನಂದು, ಸಹಿನೂ ನಂದೇ."

ಶಸ್ತ್ರಚಿಕಿತ್ಸೆ ಐದು ಗಂಟೆ ನಡೆಯಿತು. ಮೂರನೇ ಹಂತವೇ ಆಗಿತ್ತು; ಕೊಬ್ಬಿನ ಬಲೆಯ ತುಂಬ ಸಾಸಿವೆ ಚೆಲ್ಲಿದಂತೆ ಗಂಟುಗಳು. ಆಮೇಲೆ ಆರು ಸಲ ಕೀಮೋ. ತಲೆ ಬೋಳಾದಾಗ ಅವರೆಂದರು, "ಬಿಡು, ಇನ್ನು ಯಾವನಿಗೂ ಹಿಡಿಯೋಕೆ ಸಿಗಲ್ಲ."

ಈಗ ಅವರು ವಾರಕ್ಕೆ ನಾಲ್ಕು ದಿನ ಅಂಗಡಿ ತೆರೆದು ಮಾಂಸ ಕತ್ತರಿಸುತ್ತಾರೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ನಮ್ಮಲ್ಲಿಗೆ ಬರುತ್ತಾರೆ.